ಕಾಲು ವೃತ್ತ

ದಾಜಿಬಾನ ಪೇಟೆಯ ಅಂಗಡಿಯೊಳಗ
ಹಕೀಮುದ್ದೀನಭಾಯಿ ಗಾಜಿನ ಮೇಜಿನ ಮ್ಯಾಲ
ಒಂದೊಂದಾಗಿ ಇಟ್ಟರು, ಪಗಡಿಕಾಯಿ ಇಟ್ಟಂಗ.
ಹಿತ್ತಾಳಿದು, ಟಕಟಕ ಕತ್ತು ತಿರುವಿ ದೂರ ಉಗಳೂದು.
ಕರೇ ಪ್ಲಾಸ್ಟಿಕ್ಕಿಂದು, ನೆಲದಾಗ ಅಡಗಿ ಕುಂತು
ನೀರು ಬಂದ ಕೂಡಲೆ ತಲಿ ಎತ್ತೂದು.
ಉಗುರಿನಷ್ಟ ಸಣ್ಣದು, ಮಂಜು ಊದೂದು.

"ಅಂಗಳ ಎಷ್ಟು, ಟೀಚರ್?"
ಇಪ್ಪತ್ತಾರು ಫೂಟು, ಹದಿಮೂರು ಫೂಟು.
"ನೀರಿನ ಜೋರು?"
ಅದನ್ನ ಅಳದಿರಲಿಲ್ಲ.

ಇಪ್ಪತ್ತೆಂಟು ವರ್ಷ ಹುಡುಗ್ಯಾರಿಗೆ
ತ್ರಿಜ್ಯ ಅಂದರೇನು ಅಂತ ಕಲಿಸಿದಾಕಿ ನಾನು,
ಹಿತ್ತಾಳಿಯ ಹೊಳಪಿಗೆ ಸೋತು
ಅದನ್ನ ತಗೊಂಡು ಬಂದೆ.
ರಸೀದಿ ಬರಿಯೂ ಮುಂದ ಅವರು ಒಮ್ಮೆ ನನ್ನ ಮುಖ ನೋಡಿದರು.
ಏನೂ ಅನ್ನಲಿಲ್ಲ.

ನವನಗರದ ಮನಿ ಮುಂದ ಹುಲ್ಲು ಹಾಕಿಸಿ ಎರಡ ತಿಂಗಳು.
ನಳ ಎಂಟು ದಿನಕ್ಕೊಮ್ಮೆ, ಅದು ಕುಡಿಯಾಕ;
ಹುಲ್ಲಿಗೆ ಬೋರಿನ ಉಪ್ಪುನೀರು.
ಮಾಬೂಸಾಬ ಪೈಪು ಜೋಡಿಸಿ ಗುಂಡಿ ಒತ್ತಿದ.
ಹಿತ್ತಾಳಿ ಎರಡು ಸಲ ಕೆಮ್ಮಿತು,
ಆಮ್ಯಾಲ ತಿರುಗಿತು ನೋಡ್ರಿ,
ಹುಲ್ಲು ದಾಟಿ, ತುಳಸಿಕಟ್ಟಿ ದಾಟಿ,
ಕಂಪೌಂಡ ದಾಟಿ
ಸುಧಾಬಾಯಿ ಕಟ್ಟಿಮನಿಯವರು ಹಳೇ ಸೀರಿ ಹಾಸಿ
ಒಣಗಾಕ ಇಟ್ಟ ಅಕ್ಕಿಸಂಡಿಗಿ ಮ್ಯಾಲ.

ಆ ಗ್ವಾಡಿ ಕಟ್ಟುವಾಗ ಒಂದು ಗೇಣಿಗೆ ಜಗಳಾಗಿ
ಮೂರು ವರ್ಷ ನಾವು ಮಾತಾಡಿರಲಿಲ್ಲ.
ಅವತ್ತೂ ಆಡಲಿಲ್ಲ.
ಸೀರಿ ಝಾಡಿಸಿದ ಸಪ್ಪಳ,
ಒಂದು ಬಾಗಲಾ.

ನಾಲ್ಕನೇ ದಿನ ಮನಿಯೊಳಗಿನ ಲೋಟಾ ಎಲ್ಲಾ ತಂದು
ಹುಲ್ಲಿನ ಮ್ಯಾಲ ಸಾಲು ಹಚ್ಚಿದೆ.
ಕಾಲು ತಾಸು ನೀರು ಬಿಟ್ಟು, ಸ್ಕೇಲು ಅದ್ದಿ ಅಳದೆ.
ಬುಡದ ಲೋಟದಾಗ ಗುಟುಕಿಲ್ಲ.
ಗ್ವಾಡಿ ಹತ್ತಿರದ್ದು ಅರ್ಧ.
ಮೂಲಿಗಿದ್ದ, ನಮ್ಮ ಮದಿವಿ ತಾರೀಖು ಕೆತ್ತಿದ ಲೋಟ
ಒಣಾ ಒಣಾ,
ಒಳಗ ಒಂದು ಇರಿವಿ ಸುತ್ತು ಹಾಕತಿತ್ತು.

"ಬದಲಿ ಕೊಡತೀನಿ," ಅಂದ್ರು ಹಕೀಮುದ್ದೀನಭಾಯಿ,
ಕಾಯಕೋತ ಇದ್ದವರಂಗ.
"ಪೂರ್ತಿ ವೃತ್ತ ನಿಮಗ ಬ್ಯಾಡ.
ಮೂಲಿಗೆ ಕಾಲಿನದು ನಾಲ್ಕು, ಬದಿಗೆ ಅರ್ಧದ್ದು ಎರಡು.
ಒಂದರ ಹನಿ ಇನ್ನೊಂದರ ಬುಡ ಮುಟ್ಟಬೇಕು, ಅಷ್ಟ ಲೆಕ್ಕ.
ನಡುವ ಬಿಟ್ಟರ ಹುಲ್ಲಿಗೆ ಬೊಕ್ಕತಲಿ."
ಮಂಜಿನಂಥಾದ್ದು?
"ನಿಮ್ಮ ಕಡಿ ಗಾಳಿಗೆ ಅದು ಉಣಕಲ್ಲ ಕೆರಿಗೆ ಹೋಗಿ ಬೀಳತದ."
ಗುಲಾಬಿಗೆ?
"ಮ್ಯಾಲಿಂದ ಸುರದರ ಎಲಿಗೆ ಕರೇ ಚುಕ್ಕಿ ರೀ.
ಅದಕ್ಕ ಬುಡದಾಗ ಹನಿ ಪೈಪು."
ಎರಿಮಣ್ಣು ಅಂದೆ.
ಅವರು ಇಟ್ಟಿದ್ದನ್ನ ತಗದು ಬ್ಯಾರೆ ಕೊಟ್ಟರು,
ಸಣ್ಣ ಎಳಿಯಾಗಿ ನಿಧಾನ ತಿರುಗೂದು, ತಲಿಮ್ಯಾಲ ಸ್ಕ್ರೂ ಇದ್ದದ್ದು.
"ಎರಿ ಗಬಗಬ ಕುಡಿಯೂದಿಲ್ಲ.
ಅವಸರ ಮಾಡಿದರ ನೀರು ಗಟಾರ ಹುಡುಕತದ."

ಮಾಬೂಸಾಬ ನೆಲ ಅಗದು ಆರೂ ಹೂತ.
ಗುಂಡಿ ಒತ್ತಿದರ ಆರು ತಲಿ ಒಮ್ಮೆಲೆ ಎದ್ದವು.
"ಇದರಪ್ಪನ, ಹಾವಿನ ಹುತ್ತ!" ಅಂತ ಅವ ಹಿಂದ ಸರದ.
ಲೋಟದಾಗ ಎಲ್ಲಾ ಕಡಿ ಹೆಚ್ಚುಕಡಿಮಿ ಒಂದ ಗೆರಿ.
ಗ್ವಾಡಿಯ ಆಚೆ ಒಂದು ಹನಿ ಇಲ್ಲ.
ತೊಂಬತ್ತು ಡಿಗ್ರಿ, ಬೋರ್ಡಿನ ಮ್ಯಾಲ ಬರದಂಗ.

ಮೂರು ವಾರ ಕಳದು
ಒಂದು ಸಂಜಿ ಗ್ವಾಡಿ ಮಾತಾಡಿತು:
"ಆ ನಿಮ್ಮ ಟಕಟಕ ಎಲ್ಲಿ ಹೋತು?"
ನಾನು ಸಂಡಿಗಿ ಅಂತ ಏನೋ ತೊದಲಿದೆ.
"ಸಂಡಿಗಿ ಹೋದ್ರ ಇನ್ನೊಂದು ದಿನ ಹಾಕಬಹುದ್ರಿ.
ಇಲ್ಲೆ ಬುಡಕ್ಕ ಕರ್ಣಕುಂಡಲ ಹಾಕೇನಿ.
ನಮ್ಮ ಪೈಪು ಇಲ್ಲಿ ಮಟಾ ಮುಟ್ಟೂದಿಲ್ಲ.
ಆ ನಾಲ್ಕು ದಿನ ನಿಮ್ಮ ನೀರು ಕುಡದು ಎದ್ದಿದ್ದವು,
ಈಗ ಕುತ್ತಿಗಿ ಹಾಕ್ಯಾವ."

ಸ್ಕ್ರೂಡ್ರೈವರ್ ತಂದು ಮೂಲಿಯದರ ಮುಂದ ಕುಂತೆ,
ಸೀರಿ ಮೊಣಕಾಲಿನ ಮಟಾ ತೊಯ್ತು.
ಎಷ್ಟು ತಿರುವಲಿ?
"ತಿರುವ್ರಿ, ನಾ ಹೇಳತೇನಿ."
ಇನ್ನೊಂದ ಸ್ವಲ್ಪ.
ಇನ್ನೊಂದ.
"ಸಾಕ್ ಸಾ—"
ಅನ್ನೂದರಾಗ ಮುಖಕ್ಕ ಬಿತ್ತೇನೋ,
ಕೆಮ್ಮೋ ನಗಿಯೋ, ಆಚೆ ಕಡಿ ಒಂದು ಸಪ್ಪಳಾತು.

ನೂರಾ ಮೂರೋ, ನೂರಾ ಹತ್ತೋ.
ಕೋನಮಾಪಕ ಒಳಗ ಟೇಬಲ್ ಮ್ಯಾಲ ಇತ್ತು.
ತರಲಿಲ್ಲ.