ಮೂರು ಕಿಲೋ ನೂರು

ಹೆರಿಗೆ ವಾರ್ಡಿನ ತಕ್ಕಡಿಯಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ,
ಚೀಲವನ್ನು ಮಲಗಿಸಿದೆ.
ಮೂರು ಕಿಲೋ ನೂರು.
ತುಂಬು ತಿಂಗಳ ಮಗು, ತಾಯಿ ಕ್ಷೇಮ, ಎಂದು
ಕೈ ತಾನಾಗಿ ರಿಜಿಸ್ಟರಿನ ಕಡೆ ಹೋಯಿತು.

ಏಳು ಅಕ್ಕಿರೊಟ್ಟಿ, ಎಳ್ಳುಚಟ್ನಿ ಸವರಿ ಮಡಿಸಿದ್ದು,
ಉಪ್ಪು, ಬೆಲ್ಲ, ಕೆಮ್ಮಿನ ಔಷಧಿಯ ಖಾಲಿ ಸೀಸೆಯಲ್ಲಿ ಕಾಚಂಪುಳಿ,
ಸೂಜಿ, ಹತ್ತಿ, ತಲೆದೀಪ, ನೀರು,
ಜಿಗಣೆಗೆಂದು ಹೊಗೆಸೊಪ್ಪಿನಲ್ಲಿ ನೆನೆಸಿದ ಬಟ್ಟೆ,
ಅರಣ್ಯ ಇಲಾಖೆಯ ಮೊಹರು ಬಿದ್ದ ಕಾಗದ.

ತಲಕಾವೇರಿಯಿಂದ ತಡಿಯಂಡಮೋಳ್ ಬಳಸಿ ಕಕ್ಕಬ್ಬೆಗೆ,
ಒಬ್ಬಳೇ, ಯಾರ ಕೈಯಿಂದಲೂ ಏನನ್ನೂ ಪಡೆಯದೆ.
ನಿಯಮ ನನ್ನದೇ.
‘ಯಾರು ಅಟ್ಟಿಸಿಕೊಂಡು ಬರ್ತಾರೆ ದೇಚಕ್ಕ, ಅಷ್ಟು ಓಡೋಕೆ?’
ಅಂದಿದ್ದರು ಫಿಲೋಮಿನಾ ಸಿಸ್ಟರ್.
ಉತ್ತರ ಆಗಲೂ ಇರಲಿಲ್ಲ,
ಐದು ಗಂಟೆಯ ಮಂಜಿನಲ್ಲಿ, ಮೊದಲ ಹುಲ್ಲು ಮೊಣಕಾಲು ಒದ್ದೆ ಮಾಡಿದಾಗಲೂ.

ಬೋಳು ಗುಡ್ಡದ ಬೆನ್ನು, ಮತ್ತೆ ಕಾಡು, ಮತ್ತೆ ಬೆನ್ನು.
ಇಳಿಜಾರಿನಲ್ಲಿ ಚೀಲ ಭುಜದ ಹಿಂದೆ
ನಿದ್ದೆ ಬಾರದ ಕೂಸಿನಂತೆ ಕುಣಿಯಿತು.
ಹತ್ತುವಾಗ ನನ್ನದೇ ದನಿ ನನ್ನನ್ನು ಗದರಿತು:
ಈಗ ಮುಕ್ಕಬೇಡ. ಬಾಯಲ್ಲಿ ಉಸಿರು ಬಿಡು.
ಆಯ್ತು, ಆಯ್ತು, ಇನ್ನು ಸ್ವಲ್ಪವೇ.
ಹತ್ತೊಂಬತ್ತು ವರ್ಷ ಎಷ್ಟು ಹೆಂಗಸರಿಗೆ
ಈ ಸುಳ್ಳು ಹೇಳಿದ್ದೇನೆ!
ಅವರು ಯಾಕೆ ಬೈಯುತ್ತಿದ್ದರೆಂದು
ಮೂರನೆಯ ಏರಿನಲ್ಲಿ ತಿಳಿಯಿತು.
ನಾನೂ ಬೈದೆ, ಜೋರಾಗಿ,
ಒಂದು ಮಂಗಟ್ಟೆ ರೆಕ್ಕೆ ಬಡಿದು ಎದ್ದು ಹೋಯಿತು.

ಮಧ್ಯಾಹ್ನ, ಬಂಡೆಯ ಬಿರುಕಿನಿಂದ ನೀರು.
ಬಾಯೊಡ್ಡಿದೆ. ಸೀಸೆ ತುಂಬಿದೆ.
ಕಾಡಿನದು, ಯಾರದೂ ಅಲ್ಲ.
ನಿಯಮ ಮುರಿದಂತಾಗಲಿಲ್ಲ.

ಅರ್ಧ ಮೈಲಿ ಆಚೆ ಬೈನೆ ಮರದಿಂದ ಇಳಿಯುತ್ತಿದ್ದ ಮುದುಕ,
ಸೊಂಟದಲ್ಲಿ ಕತ್ತಿ, ಕುಡಿಯರವನು.
ಕಾಪಿ ಕುಡೀರಿ ಎಂದ. ಬೇಡ ಎಂದೆ.
ಬಾಳೆಹಣ್ಣು? ಬೇಡ.
‘ಯಾರಿಗಾದರೂ ಹರಕೆಯಾ?’
ಇಲ್ಲ, ಒಂದು ನಿಯಮ, ನನ್ನದೇ ಬಲದಲ್ಲಿ ಮುಗಿಸಬೇಕು.
ಆತ ನನ್ನ ಸೀಸೆಯನ್ನು ನೋಡಿದ.
‘ಬಂಡೆಯ ನೀರಾ? ಬಿದಿರಿನ ದಬ್ಬೆ ಸರಿಯಾಗಿ ಕೂತಿದೆಯಲ್ಲ?
ಹೋದ ತಿಂಗಳು ಹೊಸದು ಹಾಕಿದೆ.
ಹಳೆಯದು ಆನೆ ತುಳಿದಿತ್ತು.’

ದಬ್ಬೆ! ಬಾಯಿಟ್ಟು ಕುಡಿದಿದ್ದೆ,
ನೋಡಿರಲಿಲ್ಲ.

ಕಾಪಿ ಆದರೂ ಕುಡಿಯಲಿಲ್ಲ. ಹಟ.
ಆತ ನಕ್ಕು ಕೈ ತೋರಿಸಿದ: ಆ ಕಡೆ ಮೂರು ಹೆಣ್ಣಾನೆ, ಒಂದು ಮರಿ,
ಸಂಜೆ ದಾಟುತ್ತವೆ, ನಿಂತು ಹೋಗಿ.

ನಿಂತೆ.
ಶೋಲೆಯ ಅಂಚಿನಲ್ಲಿ, ದೀಪ ಆರಿಸಿ, ನಲವತ್ತು ನಿಮಿಷ.
ಬೆವರು ತಣ್ಣಗಾಗಿ ಹಲ್ಲು ಕಟಕಟಿಸಿತು.
ಕೈಗಡಿಯಾರ ‘ಓಟ ನಿಂತಿದೆ’ ಎಂದು ನಡುಗುತ್ತಲೇ ಇತ್ತು.
ಕತ್ತಲಿಗಿಂತ ಒಂದು ಪಾಲು ಹೆಚ್ಚು ಕಪ್ಪಾಗಿ ಅವು ದಾಟಿದವು,
ಸದ್ದು, ಒದ್ದೆ ಗೋಣಿ ಎಳೆದಷ್ಟು.
ಮರಿ ತಾಯ ಕಾಲುಗಳ ನಡುವೆ
ಒಮ್ಮೆ ಎಡವಿ, ಒಮ್ಮೆ ಓಡಿ.
ಯಾವ ತಕ್ಕಡಿ ತೂಗೀತು ಇದನ್ನು ಎಂದುಕೊಂಡೆ,
ಕೊರಳಿನ ನಾಡಿಗೆ ಬೆರಳಿಟ್ಟು: ನೂರ ಮೂವತ್ತೆರಡು.
ಹೊಟ್ಟೆಯೊಳಗಿನ ಮಗುವಿಗಾದರೆ ಸರಿಯಾದ ಲೆಕ್ಕ.

ಆಮೇಲೆ ಅವು ತುಳಿದ ದಾರಿಯಲ್ಲೇ ಇಳಿದೆ.
ಅದಕ್ಕಿಂತ ಹದವಾದ ಇಳಿಜಾರು
ಆ ಬೆಟ್ಟದಲ್ಲಿ ಇನ್ನೊಂದಿರಲಿಲ್ಲ.

ಕಕ್ಕಬ್ಬೆ, ರಾತ್ರಿ ಹತ್ತೂಕಾಲು. ಮುಚ್ಚಿದ ಅಂಗಡಿಗಳು,
ನನ್ನನ್ನು ನೋಡಿ ಬೊಗಳಬೇಕೋ ಬೇಡವೋ ಎಂದು ಯೋಚಿಸಿದ ಒಂದು ನಾಯಿ.

ಮರುದಿನ ಡ್ಯೂಟಿ. ಮತ್ತೆ ಯಾರೂ ಇಲ್ಲದ ಹೊತ್ತು.
ಎರಡು ಕಿಲೋ ಇನ್ನೂರು, ಪಟ್ಟಿಯಲ್ಲಿ ಉಬ್ಬಿ ಕೂತ ಜಿಗಣೆ ಸೇರಿ.
ಕಡಿಮೆ ತೂಕ. ಬೆಚ್ಚಗಿಡಬೇಕು.
ಮುದುಕನ ಹೆಸರು ಕೇಳಲಿಲ್ಲ ಎಂಬುದು
ಆಗ ನೆನಪಾಯಿತು.

ಮೇಲಿಂದ ನಾಲ್ಕನೇ ಬೆಡ್ಡಿನವಳು ಕೂಗಿದಳು.
ಬಂದೆ ತಾಯಿ, ಇನ್ನು ಸ್ವಲ್ಪ, ಎನ್ನಹೊರಟು ನುಂಗಿಕೊಂಡು,
‘ಬಂದೆ’ ಎಂದಷ್ಟೇ ಹೇಳಿ
ಮೆಟ್ಟಿಲು ಹತ್ತಿದೆ,
ಕಂಬಿ ಹಿಡಿದು, ಒಂದೊಂದಾಗಿ.