ಮೂಗು ಮರೆತ ದಿನ

ಹುಬ್ಬಳ್ಳಿಯ ಪಾರ್ಟಿಯಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟು
ದೋಣಿಯಲ್ಲೊಂದು ಸೀಟು ಖಾಲಿ.
'ಬರ್ತೀಯಾ ಅತ್ತೆ, ದುಡ್ಡು ಹೇಗೂ ಬಂದಾಗಿದೆ'
ಎಂದ ತಿಲಕ, ನನ್ನ ಅಣ್ಣನ ಮಗ,
ಎದೆಯ ಮೇಲೆ ಗೈಡ್ ಎಂದು ಬರೆದ ಬನಿಯನ್ನು.
ಅವತ್ತು ಸಂಕಷ್ಟಿ. ಮೀನು ಕೇಳುವವರಿಲ್ಲ.
ಬುಟ್ಟಿ ಕವುಚಿಟ್ಟು ಹೋದೆ.

ಮಲ್ಪೆಯ ದಕ್ಕೆಯಲ್ಲಿ ನಲವತ್ತೊಂದು ವರ್ಷ ನಿಂತಿದ್ದೇನೆ
ದೋಣಿ ದೊಡ್ಡದಾಗುತ್ತ ಬರುವುದನ್ನು ನೋಡುತ್ತ.
ದೋಣಿಯಲ್ಲಿ ಕೂತು
ದಕ್ಕೆ ಸಣ್ಣದಾಗುವುದನ್ನು ನೋಡಿದ್ದು ಅವತ್ತೇ.

ಮೊದಲು ಕೋಟೆಯ ನಡುಗಡ್ಡೆ.
ತಿಲಕ ಮೈಕಿನಲ್ಲಿ ರಾಜರ ಕತೆ ಹೇಳಿದ.
ಅರ್ಧ ನಿಜ; ಉಳಿದರ್ಧ ನನ್ನ ಅಪ್ಪನ ಸುಳ್ಳು,
ಕೇಳಿದ ಕೂಡಲೇ ಗುರುತು ಹತ್ತಿತು.
ಆಮೇಲೆ ತೋನ್ಸೆಪಾರು. ಕಂಬಕಂಬವಾಗಿ ಕರಿಕಲ್ಲು,
ಯಾರೋ ಮಳೆಗಾಲಕ್ಕೆಂದು ಸೌದೆ ಒಟ್ಟಿ
ಮರೆತು ಹೋದಂತೆ.
ಹೊಸ ಮದುಮಗಳು ಕಲ್ಲೇರಿ ಫೋಟೊ ತೆಗೆಸಿಕೊಂಡಳು.
ಪುಟ್ಟ ಹುಡುಗನೊಬ್ಬ ಬಿಡದೆ ಕೇಳುತ್ತಿದ್ದ,
'ಇಲ್ಲಿ ಶಾರ್ಕ್ ಅದಾವೇನ್ರಿ?'
'ತಾಟೆಯಾ? ಮಾರ್ಕೆಟ್ಟಲ್ಲಿ ಸಿಗ್ತದೆ ಮಗಾ, ಒಣಗಿಸಿದ್ದು' ಎಂದೆ.

ಮೂರನೆಯದಕ್ಕೆ ಹೆಸರಿಲ್ಲ, ಬರೀ ಬಂಡೆ.
ಲಂಗರು ಬಿಟ್ಟರು.
ಸೊಸೆಯ ಚೂಡಿದಾರದ ಮೇಲೆ ಕಿತ್ತಳೆ ಜಾಕೆಟು,
ಮುಖಕ್ಕೆ ಗಾಜು. ಮಂಜು ಹಿಡಿಯದ ಹಾಗೆ
ಅದರೊಳಗೆ ಉಗುಳಬೇಕಂತೆ.
ನನ್ನದು ಎಲೆಯಡಿಕೆಯ ಕೆಂಪು ಉಗುಳು,
ತಿಲಕ ತಲೆ ಚಚ್ಚಿಕೊಂಡು ಬೇರೆ ತಂದ.
ಬಾಯಿಗೆ ರಬ್ಬರು ಕಚ್ಚಿಸಿ ಹೇಳಿದ:
'ಇನ್ನು ಮೂಗನ್ನು ಮರೆತುಬಿಡು.'

ಈ ಮೂಗನ್ನು!
ಐಸಿನಡಿಯ ಬಂಗುಡೆಗೆ ಎಷ್ಟು ದಿನವಾಯಿತೆಂದು
ಮಾರು ದೂರದಿಂದ ಹೇಳುವ ಮೂಗನ್ನು.
ಬಸ್ಸಿನಲ್ಲಿ ನನ್ನ ಪಕ್ಕದ ಸೀಟನ್ನು
ಖಾಲಿ ಉಳಿಸಿದ್ದು ಬೇರೆಯವರ ಮೂಗು;
ಅನ್ನ ಹಾಕಿದ್ದು ಇದು.

ಬಗ್ಗಿದೆ.

ಮೊದಲು ಬರೀ ನನ್ನ ಉಸಿರಿನ ಸದ್ದು,
ಹಳೆಯ ಸ್ಟವ್ವಿಗೆ ಗಾಳಿ ಹೊಡೆದಂತೆ.
ಆಮೇಲೆ ಹಸಿರು. ಹಸಿರೊಳಗೆ ಕಲ್ಲು.
ಕಲ್ಲಿನ ಬಿರುಕಿನಲ್ಲಿ ಒಂದು ಮುರು,
ಒಂದೂವರೆ ಕೆ.ಜಿ. ಇದ್ದೀತು,
ಎಂಟುನೂರಕ್ಕೆ ಕಡಿಮೆ ಬಿಡಬಾರದು.
ಅದರಾಚೆ ಪಟ್ಟೆಪಟ್ಟೆಯ ಚಿಲ್ಲರೆ ಮೀನು,
ಪಾಲು ಹಾಕಿದರೆ ಐವತ್ತು.
ಅಷ್ಟರಲ್ಲಿ ಎಡದಿಂದ ಬೂತಾಯಿ ಬಂತು.
ಒಂದು ಬುಟ್ಟಿಯಲ್ಲ, ನೂರು ಬುಟ್ಟಿಯಲ್ಲ,
ಎಲ್ಲಕ್ಕೂ ಒಂದೇ ಮೈ ಎಂಬಂತೆ ತಿರುಗಿತು,
ಬೆಳಗಿತು, ಆರಿತು,
ಲೆಕ್ಕ ತಪ್ಪಿತು.

ವಾಸನೆಯೇ ಇಲ್ಲ.
ಇಷ್ಟು ಮೀನು, ಒಂದಿಷ್ಟೂ ವಾಸನೆಯಿಲ್ಲ.
ಹಾಗಾದರೆ ಇಷ್ಟು ವರ್ಷ ನಾನು ಹೊತ್ತದ್ದು
ಮೀನಿನ ವಾಸನೆ ಅಲ್ಲ,
ನೆಲದ್ದು.

ಮುರು ಕದಲಲಿಲ್ಲ. ನನ್ನನ್ನೇ ನೋಡುತ್ತಿತ್ತು,
ಕೊಳ್ಳುವ ಮನಸ್ಸಿಲ್ಲದೆ ನಿಂತ ಗಿರಾಕಿಯ ಹಾಗೆ.
ಅದರ ಕಿವಿರು ತೆರೆಯಿತು, ಮುಚ್ಚಿತು.
ನನ್ನ ಕೊಳವೆ ಗೊರ್ ಎಂದಿತು.
ಸ್ವಲ್ಪ ಹೊತ್ತು ಇಬ್ಬರೂ
ಒಂದೇ ಕೆಲಸದಲ್ಲಿದ್ದೆವು.

ಮೇಲೆ ಬಂದಾಗ ಉಪ್ಪುನೀರು ಕುಡಿದು ಕೆಮ್ಮುತ್ತಿದ್ದೆ.
'ಎಂತ ಕಂಡಿತು ಅತ್ತೆ?'
'ಮೀನು' ಎಂದೆ.
ಎಲ್ಲರೂ ನಕ್ಕರು. ನಾನೂ.

ಮರುದಿನ ಉಡುಪಿಯಲ್ಲಿ ಅದೇ ಮಣೆ, ಅದೇ ಕತ್ತಿ.
ಮಾಸ್ತರರ ಹೆಂಡತಿ ಬಂದರು, 'ತಾಜಾ ಉಂಟಾ ವಾರಿಜಕ್ಕ?'
ಯಾವತ್ತಿನ ಹಾಗೆ ಹೆಬ್ಬೆರಳಲ್ಲಿ ಕಿವಿರೆತ್ತಿ ತೋರಿಸಿದೆ.
ಕೆಂಪು.
ಬೆರಳು ತೆಗೆಯುವುದು ತುಸು ತಡವಾಯಿತು.
'ಎಷ್ಟು?'
'ಮುನ್ನೂರು.'
'ಇನ್ನೂರೈವತ್ತು ಮಾಡಿ, ದಿನಾ ಬರುವವಳು ನಾನು.'

ದಿನಾ ಬರುವವರೇ. ಒಳ್ಳೆಯ ಹೆಂಗಸು.
ಒಂದು ರೂಪಾಯಿ ಇಳಿಸಲಿಲ್ಲ.