ಪಾಳಿ

ಹುನಗುಂದದಿಂದ ಆಚೀಕಿ ನಮ್ಮೂರು.
ಊರಿಗೆಲ್ಲ ಒಂದ ಗಿರಣಿ.
ಪಟ್ಟಾ ಪಟಪಟ ಬಡಕೋತ ಓಡತಿತ್ತು,
ನಮ್ಮ ಕೇರಿ ಡಬ್ಬಿ ಗ್ವಾಡಿಗೆ ಆತು ಕುಂತಿರತಿದ್ವು
ಹೊತ್ತು ಮುಳುಗೂತನಕ.

ಮಹಾಂತಪ್ಪ ಕೆಟ್ಟವ ಅಲ್ಲ.
ನನಗ ಪೆಪ್ಪರಮಿಂಟ್ ಕೊಡತಿದ್ದ, ದೂರಿಂದ ಒಗದು.
ಲೆಕ್ಕದಾಗ ಎಂಟಾಣೆ ತಪ್ಪಿಸಿದವ ಅಲ್ಲ.
'ನಿಮ್ಮದು ಕಡೀಕ, ಗಾಳೆವ್ವ' ಅಂತಿದ್ದ,
'ಇವತ್ತ ಬುಧವಾರ' ಅಂದಂಗ.

ನಮ್ಮದು ಬೀಸಿದ ಮ್ಯಾಲ ಕಲ್ಲು ತೊಳೀಬೇಕು.
ಗಿರಣಿ ಕಲ್ಲಿಗೆ ನೀರು ಹಾಕಾಕ ಬರೂದಿಲ್ಲ,
ಅರ್ಧ ಸೇರು ಜ್ವಾಳ ಹಾಕಿ ತಿರುವತಿದ್ದ.
ಆ ಜ್ವಾಳಾನೂ ನಮ್ಮ ಡಬ್ಬೀದ.
ಆ ಹಿಟ್ಟು ಅವನ ಎಮ್ಮಿಗೆ,
ಎಮ್ಮಿ ಹಾಲು ಊರಿಗೆಲ್ಲ.

ಒಂದಿನ ಅವ್ವ ಡಬ್ಬಿ ತಗದು ಸಾಲಿನಾಗ ಇಟ್ಟಳು.
ಮುಂದ ಆರು. ಹಿಂದ ನೀಲಮ್ಮಂದು.
ಮಹಾಂತಪ್ಪ ಮೋಟರ್ ಬಂದ್ ಮಾಡಿದ.
'ಕರೆಂಟ್ ಹೋತು' ಅಂದ.
ಅವನ ತಲಿಮ್ಯಾಲ ಬಲ್ಬ್ ಉರೀತಿತ್ತು.

ಅರ್ಜಿ ಬರದಾಕಿ ನಾನು, ಏಳನೇತ್ತಾ.
'ಪ್ರತ್ಯೇಕ' ತಪ್ಪು ಬರದು ಎರಡು ಸಲ ಒಡದೆ.
ಕಚೇರಿ ಕ್ಲರ್ಕ್ ಕನ್ನಡಕ ಏರಿಸಿ ಕೇಳಿದ:
'ಏನು ಕಳಕೊಂಡಿ, ಬಾಯಿ?'
ಅವ್ವ ಎಮ್ಮಿ ಸುದ್ದಿ ತಗೀಲಿಲ್ಲ.
ವರ್ಷಕ್ಕ ಎಷ್ಟು ಸೇರು ಅಂತ ಬೆರಳಿನಾಗ ಲೆಕ್ಕ ಇತ್ತು,
ಅದನ್ನೂ ಹೇಳಲಿಲ್ಲ.
'ನನ್ನ ಪಾಳಿ' ಅಂದಳು.
ಅವ ಫಾರ್ಮ್ ತಿರುವಿ ತಿರುವಿ ನೋಡಿದ.
ಅದಕ್ಕ ಖಾನೆ ಇರಲಿಲ್ಲ.

ಜೀಪ್ ಬಂತು, ಹೋತು.
ಎಂಟು ದಿನ ಗಿರಣಿಗೆ ಕೀಲಿ.
ಊರು ರೇಷನ್ ಅಕ್ಕಿ ಉಂಡು ನಮಗ ಶಾಪ ಹಾಕಿತು.
ನಳದ ಹತ್ತಿರ ಅವ್ವನ ಕೊಡಕ್ಕ
ಯಾರೂ ಕೈ ಹಚ್ಚಲಿಲ್ಲ;
ಮೊದಲೂ ಹಚ್ಚತಿರಲಿಲ್ಲ, ಈಗ ಮಾತೂ ನಿಂತವು.

ಒಂಬತ್ತನೇ ದಿನ ಕೀಲಿ ತಗದ.
'ಮೊದಲ ನಿಂದ ಹಾಕತೀನಿ, ತಗೊಂಡ ಹೋಗವ್ವ'
ಅಂದ, ಮಾರಿ ನೋಡದ.
'ಮೊದಲನೇದು ಬ್ಯಾಡ,' ಅಂದಳು,
'ಇವತ್ತ ನಾ ಏಳನೇದಾಕಿ.'

ಆರನೇದು ಮುಗೀತು. ನಮ್ಮ ಡಬ್ಬಿ ಎತ್ತಿ ಸುರುವಿದ.
ನೀಲಮ್ಮ ತನ್ನ ಡಬ್ಬಿ ಹೊತಗೊಂಡು
ಹೊಳ್ಳಿ ಹೋದಳು.
ಒಂಬತ್ತನೇದಾಕಿ ಸ್ವಲ್ಪ ನಿಂತಳು,
ಒಲಿ ನೆನಪಾತೇನೊ,
ಡಬ್ಬಿ ಮುಂದ ಸರಿಸಿದಳು.

ಕಲ್ಲಿನ ಸಂದಿನಾಗ ಹಿಂದಿನವರದು
ಹಿಡಿ ಹಿಟ್ಟು ಉಳೀತದ, ಯಾವಾಗಲೂ.
ಆರನೇದು ನಮ್ಮದರಾಗ ಬಿತ್ತು,
ನಮ್ಮದು ಒಂಬತ್ತನೇದರಾಗ.
ಮಹಾಂತಪ್ಪ ಕಲ್ಲು ತೊಳೀಲಿಲ್ಲ.
ರೊಕ್ಕ ಮಾತ್ರ ಕಟ್ಟಿ ಮ್ಯಾಲ ಇಡು ಅಂದ.

ಬಿಸಿ ಡಬ್ಬಿ ಸಿಂಬಿ ಮ್ಯಾಲ ಇಟಗೊಂಡು
ಅವ್ವ ಮನಿ ಹಾದಿ ಹಿಡದಳು.
ಗಿರಣಿಯಿಂದ ಬರೂವಾಗ
ಆಕಿ ನೆಳ್ಳು ನಾ ಮೊದಲನೇ ಸಲ ನೋಡಿದೆ.
ಇನ್ನೂ ಬಿಸಲಿತ್ತು.